ಅಂಬಾಸಿಡರಿನ ಹಿಂದಿನ ಸೀಟು

ಮದುವೆ ಬ್ಲೌಸಿನ ತೋಳಿಗೆ ಕೊನೆಯ ಸಾಲಿನ ಮಣಿ ಹೊಲಿಯುತ್ತಿದ್ದಳು ನಾಗಶ್ರೀ. ಆಗಲೇ ಅವಳೆದುರಿನ ಕಟಿಂಗ್ ಮೇಜಿನ ಮೇಲೆ ದೊಪ್ಪೆಂದು ಏನೋ ಬಂದು ಬಿತ್ತು.

ಧೂಳೆದ್ದಿತು. ತೆಂಗಿನ ನಾರು ಉದುರಿತು. ಒಂದು ಸ್ಪ್ರಿಂಗು ಕಿರ್ರೆಂದು ಮೇಲೆದ್ದು ನಿಂತಿತು. ಆಮೇಲೆ ಅದರ ಹೊಟ್ಟೆಯೊಳಗಿಂದ ಇಲಿ ಕಡಿದ ಕಾಗದ, ಭತ್ತದ ಹೊಟ್ಟು, ಕೋಳಿ ಪುಕ್ಕ ಎಲ್ಲವೂ ಜಾರಿ, ಮರುದಿನ ಧಾರೆಗೆ ಕೂರಬೇಕಾಗಿದ್ದ ಹುಡುಗಿಯ ರೇಷ್ಮೆ ಬ್ಲೌಸಿನ ಮೇಲೆ ಆರಾಮಾಗಿ ಕೂತವು.

ನಾಗಶ್ರೀ ಸೂಜಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ತಲೆಯೆತ್ತಿದಳು.

ಎದುರಿಗೆ ಮೂವತ್ತರ ಆಸುಪಾಸಿನ ಒಬ್ಬ ಎತ್ತರದ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಆದರೆ ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ತಪ್ಪು ಮಾಡಿದ ಶಾಲೆ ಮಕ್ಕಳು ನಿಲ್ಲುವಂತೆ ಎರಡೂ ಕೈ ಕಟ್ಟಿ ನಿಂತಿದ್ದ.

"ಸಾರಿ ಮೇಡಂ. ಯಳಂದೂರಿಂದ ಬಸ್ಸಲ್ಲಿ ತೊಡೆ ಮೇಲೆ ಇಟ್ಕಂಡು ಬಂದೆ... ಕೈ ಸೋತೋಯ್ತು."

"ಏನ್ರಿ ಇದು?"

"ಸೀಟು."

"ಅದು ಕಾಣ್ತದೆ. ಇಲ್ಲಿಗ್ಯಾಕೆ ತಂದ್ರಿ? ಇದು ಹೆಂಗಸರ ಬಟ್ಟೆ ಹೊಲಿಯೋ ಅಂಗಡಿ ಕಣ್ರಿ. ಗುಜರಿ ಅಂಗಡಿ ಬಸ್ ಸ್ಟಾಂಡ್ ಹಿಂದ್ಗಡೆ ಅದೆ."

ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ರತ್ನ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ರತ್ನ ಅಜ್ಜೀಪುರದವಳು. ದಿನಾ ಬೆಳಗ್ಗೆ ಹನೂರಿನ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು, ಸಂಜೆ ಅಂಗಡಿಯ ಸುದ್ದಿಯನ್ನೆಲ್ಲ ಹೊತ್ತು ಊರಿಗೆ ಮರಳುವವಳು. ಇವತ್ತಿನ ಸುದ್ದಿ ಅವಳಿಗೆ ಆಗಲೇ ಸಿಕ್ಕಿತ್ತು.

"ಯಾರೋ ಅಂದ್ಕಂಡೆ, ದೊಡ್ಡಬಸಕ್ಕನ ಮಗ ಶಾಂತಮೂರ್ತಿ ಕಣಕ್ಕ ಇದು. ನಮ್ಮೂರೋನೇ. ಯಳಂದೂರು ಪಕ್ಕದ ಹೊನ್ನೂರು ರೈಸ್ ಮಿಲ್ಲಲ್ಲಿ ಫಿಟ್ಟರ್ರು. ಯಾರ್ದಪ್ಪ ಈ ಸೀಟು?"

ಅವನು ರತ್ನಳನ್ನು ಆಗ ನೋಡಿದ್ದು. ಮುಖ ಒಮ್ಮೆಲೇ ಬಾಡಿತು.

"ನಮ್ ಯಜಮಾನ್ರ ಹಳೇ ಕಾರಿಂದು ರತ್ನಕ್ಕ," ಎಂದು ಗಡಿಬಿಡಿಯಲ್ಲಿ ಹೇಳಿ ಮತ್ತೆ ನಾಗಶ್ರೀಯ ಕಡೆ ತಿರುಗಿದ. "ಮೈಸೂರಲ್ಲಿ ಸೀಟು ಒಲಿಯೋರ್ನ ಕೇಳ್ದೆ ಮೇಡಂ. ಅವ್ರು ಕೇಳೋ ದುಡ್ಡಲ್ಲಿ ಅರ್ಧ ಕಾರೇ ಸರಿ ಆಗ್ಬುಡ್ತದೆ. ನಿಮ್ಮ ಬಾಗಿಲಲ್ಲಿ ತೂಗಾಕಿರೋ ರೆಕ್ಸಿನ್ ಬ್ಯಾಗು ನೋಡ್ದೆ. ಒಂದು ಒಲಿಗೇನೂ ಸೊಟ್ಟಗಿಲ್ಲ. ಅದಕ್ಕೇ ಬಂದೆ."

ಬೈಗುಳವೊಂದು ನಾಗಶ್ರೀಯ ನಾಲಿಗೆಯ ತುದಿಗೆ ಬಂದಿತ್ತು. ಅದು ಅಲ್ಲೇ ಕರಗಿತು. ಆರು ವರ್ಷದಿಂದ ಈ ಅಂಗಡಿ ನಡೆಸುತ್ತಿದ್ದಳು. ಚೆನ್ನಾಗಿದೆ ಎಂದವರು ಬೇಕಾದಷ್ಟು ಜನ ಇದ್ದರು, ಹೊಲಿಗೆಯನ್ನು ಹೊಲಿಗೆಯಾಗಿ ನೋಡಿದವರು ಯಾರಿದ್ದರು?

ಕಣ್ಣು ಸೀಟಿನ ಅಂಚಿಗೆ ಹೋಯಿತು. ಒಂದು ಮೂಲೆಯನ್ನು ಯಾರೋ ಗೋಣಿ ಹೊಲಿಯುವ ದಬ್ಬಳದಲ್ಲಿ ಹೊಲಿದಿದ್ದರು. ದಾರ ಒರಟು, ಆದರೆ ಹೊಲಿಗೆ ಹೊಲಿಗೆಗೂ ಒಂದೇ ಅಂತರ.

"ಇದನ್ನ ಯಾರು ಹೊಲಿದಿದ್ದು?"

"ನಾನೇ. ಒಂದು ಮೂಲೆ ಆಯ್ತು... ಆಮೇಲೆ ಇದು ನನ್ ಕೈಲಿ ಆಗೋದಲ್ಲ ಅನ್ನಿಸ್ತು."

'ಒರಟ ಅಂದುಕೊಂಡೆ. ಇವನಿಗೆ ಕೈ ಇದೆ,' ಎಂದುಕೊಂಡಳು ನಾಗಶ್ರೀ. ಬಾಯಲ್ಲಿ ಮಾತ್ರ, "ಇಟ್ಟೋಗಿ, ನೋಡ್ತೀನಿ," ಎಂದಳು.

ಅವನು ಹೋಗಲಿಲ್ಲ. ಸೀಟಿನ ನಡುವೆ ಬೆರಳಿಟ್ಟು ತೋರಿಸಿದ. ಹಳೆಯ ಕೆನೆಬಣ್ಣದ ರೆಕ್ಸಿನ್ನಿನ ಮೇಲೆ ತಟ್ಟೆಯಗಲದ ಒಂದು ಕಂದು ಕಲೆ.

"ಈ ತುಂಡು ಮಾತ್ರ ಕೀಳ್ಬೇಡಿ. ಇದ್ರ ಮೇಲೇ ಹೊಸದು ಹಾಕಿ."

"ಹಳೇದ್ರ ಮೇಲೆ ಹೊಸದು ಹಾಕಿದ್ರೆ ಉಬ್ಬಿಕೊಳ್ತದೆ. ಹೆಸರು ಕೆಡೋದು ನಂದು."

"ಉಬ್ಬಿದ್ರೂ ಪರವಾಗಿಲ್ಲ. ಅದು ಇರ್ಬೇಕು."

"ಯಾಕೆ?"

ಅವನು ರತ್ನಳ ಕಡೆ ಕಳ್ಳನೋಟ ಬೀರಿದ.

"ಆಮೇಲೆ ಹೇಳ್ತೀನಿ."

*

ಮುಂದಿನ ವಾರ ಶಾಂತಮೂರ್ತಿ ಒಂದು ಗೋಣಿಚೀಲ ತಂದು ಸುರಿದ. ಆಟೋ ಸೀಟು ಹೊಲಿಯುವವರ ಬಳಿ ಉಳಿದ ರೆಕ್ಸಿನ್ ಚೂರುಗಳು ಅವು. ಮೆರೂನು, ಕೆನೆ, ಕಡುಹಸಿರು. ಯಾವುದೂ ಒಂದು ಮೊಳಕ್ಕಿಂತ ಉದ್ದ ಇರಲಿಲ್ಲ.

"ಇಷ್ಟರಲ್ಲೇ ಆಗ್ಬೇಕು ಮೇಡಂ. ಇದಕ್ಕಿಂತ ಮೇಲೆ ನನ್ ಕೈಲಿ ಆಗಲ್ಲ," ಎಂದ ನಾಚಿಕೆಯಿಲ್ಲದೆ.

ಬಡತನವನ್ನು ಹೀಗೆ ಬಿಡಿಸಿ ಹೇಳುವ ಗಂಡಸನ್ನು ನಾಗಶ್ರೀ ನೋಡಿರಲಿಲ್ಲ. ಅವಳ ತಲೆ ಆಗಲೇ ಲೆಕ್ಕ ಹಾಕತೊಡಗಿತ್ತು. ನಡುವೆ ಕೆನೆ, ಎರಡು ಬದಿಗೆ ಮೆರೂನು, ಜೋಡಣೆ ಕಾಣದ ಹಾಗೆ ಸಂದಿಯಲ್ಲಿ ಹಸಿರು ಪೈಪಿಂಗು...

"ಮುಂದಿನ ಸೀಟು, ಬಾಗಿಲಿನ ಒಳಮೈ ಎಲ್ಲದ್ರ ಅಳತೆ ಬೇಕು. ಕಾರು ಎಲ್ಲಿದೆ?"

ಆ ಭಾನುವಾರ ಅವಳು ಹೊನ್ನೂರಿನ ಬಸ್ಸು ಹತ್ತಿದಳು. ಟೇಪು ಕೈಚೀಲದಲ್ಲಿತ್ತು. ಹೊಸ ಚೂಡಿದಾರ ಯಾಕೆ ಹಾಕಿಕೊಂಡೆ ಎಂದು ದಾರಿಯಲ್ಲಿ ಎರಡು ಸಲ ತನ್ನನ್ನೇ ಕೇಳಿಕೊಂಡಳು.

ಗದ್ದೆಯಂಚಿನ ಬಾಡಿಗೆ ಮನೆ. ಅದರ ಹಿತ್ತಿಲಿನ ದನದ ಕೊಟ್ಟಿಗೆಯಲ್ಲಿ ನಿಂತಿತ್ತು ಅಂಬಾಸಿಡರ್. ನಾಗಶ್ರೀ ಒಂದು ಗುಜರಿಯನ್ನು ನೋಡಲು ಸಿದ್ಧಳಾಗಿ ಬಂದಿದ್ದಳು. ಬಾಗಿಲಲ್ಲೇ ನಿಂತುಬಿಟ್ಟಳು.

ಗೋಡೆಯ ಉದ್ದಕ್ಕೂ ಹಗ್ಗ ಕಟ್ಟಿ, ಅದರಲ್ಲಿ ಹಳೇ ಮದುವೆ ಪತ್ರಿಕೆಗಳ ಕವರುಗಳನ್ನು ಸಾಲಾಗಿ ನೇತು ಹಾಕಿದ್ದ. ಒಂದೊಂದು ಕವರಿನ ಮೇಲೂ ದುಂಡು ಅಕ್ಷರ: 'ಎಡ ಬಾಗಿಲು ಮೇಲಿನ ಕೀಲು', 'ಡಿಕ್ಕಿ ಬೀಗ', 'ಮುಂದಿನ ಗಾಜು, ಬಲಗಡೆ'. ಕಾರಿನಿಂದ ಬಿಚ್ಚಿದ ಒಂದೊಂದು ತಿರುಪೂ ಅದರದರ ಮನೆಯಲ್ಲಿತ್ತು. ತಳದ ತುಕ್ಕು ಹಿಡಿದ ಜಾಗಕ್ಕೆ ಎಣ್ಣೆ ಡಬ್ಬದ ತಗಡು ಬಡಿದು ಬೆಸುಗೆ ಹಾಕಿದ್ದ. ಒಂದು ಕೆಟ್ಟ ಫ್ರಿಜ್ಜಿನ ಕಂಪ್ರೆಸರಿಗೆ ಪೈಪು ಸಿಕ್ಕಿಸಿ, ಬಣ್ಣ ಹೊಡೆಯುವ ಗಾಳಿಯ ಯಂತ್ರ ಮಾಡಿಕೊಂಡಿದ್ದ. ಮೂಲೆಯ ಮಣ್ಣಿನ ಗಡಿಗೆಯಲ್ಲಿ ಕಪ್ಪು ನೀರು, ಒಳಗೆ ಬೋಲ್ಟುಗಳು.

"ಇದೇನು?"

"ಹುಣಸೆ ನೀರು. ಎರಡು ದಿನ ನೆನೆಸಿದ್ರೆ ತುಕ್ಕೆಲ್ಲಾ ಬುಟ್ಕತದೆ. ಅಂಗಡಿ ಕೆಮಿಕಲ್ಲಿಗೆ ದುಡ್ಡಾಕೋರ್ಯಾರು?"

"ಆಮೇಲೆ ಅದನ್ನ ಸಾರಿಗೆ ಹಾಕ್ತೀರಾ?"

"ನೀವು ಊಟಕ್ಕೆ ನಿಂತ್ರೆ ಬ್ಯಾರೆ ಹುಣಸೆ ನೆನಾಕ್ತೀನಿ."

ನಾಗಶ್ರೀ ನಕ್ಕಳು. ಬಹಳ ದಿನದ ಮೇಲೆ ಒಬ್ಬ ಗಂಡಸಿನ ಮಾತಿಗೆ ಹಾಗೆ ನಕ್ಕಿದ್ದಳು.

"ನಿಮ್ಮ ಯಜಮಾನ್ರು ಪುಣ್ಯ ಮಾಡಿದ್ರು ಬಿಡಿ. ಅವರ ಕಾರಿಗೆ ಇಷ್ಟು ಶ್ರಮ ಪಡ್ತೀರಲ್ಲ."

ಶಾಂತಮೂರ್ತಿ ಕೈ ಒರೆಸಿಕೊಂಡು ಹತ್ತಿರ ಬಂದ.

"ಅವ್ರದ್ದಲ್ಲ ಮೇಡಂ. ನಂದೇ. ಮಿಲ್ಲಿನ ಪುಟ್ಟಬಸಪ್ಪೋರು ಇದನ್ನ ಗುಜರಿಗೆ ಆಕ್ತಾ ಇದ್ರು. ಗುಜರಿಯೋನು ಕೊಡೋದ್ನೇ ನಾ ಕೊಡ್ತೀನಿ ಅಂತ ತಕಂಡೆ. ಒಂದೂವರೆ ವರ್ಷ ಆಯ್ತು. ಆದ್ರೆ ಇದು ಊರಿಗೆ ಗೊತ್ತಾಗ್ಬಾರ್ದು. ರತ್ನಕ್ಕನ ಕಿವಿಗೆ ಬಿದ್ರೆ ಸಾಯಂಕಾಲದ ಬಸ್ಸಿಗೇ ಅಜ್ಜೀಪುರ ತಲುಪ್ತದೆ."

"ಊರಿಗೆ ಗೊತ್ತಾದ್ರೆ ಏನಂತೆ?"

"ಆಮೇಲೆ ಹೇಳ್ತೀನಿ."

ಆದರೂ ಒಂದು ಗುಟ್ಟನ್ನು ನನಗೆ ಹೇಳಿದನಲ್ಲ ಎಂದು ಅವಳಿಗೆ ಖುಷಿಯಾಯಿತು. ಗುಟ್ಟಿನ ಅರ್ಧ ಭಾಗ ಇನ್ನೂ ಅವನ ಬಳಿಯೇ ಇತ್ತು ಎನ್ನುವುದನ್ನು ಆ ಖುಷಿಯಲ್ಲಿ ಮರೆತಳು.

*

ಆಮೇಲೆ ಪ್ರತಿ ಭಾನುವಾರವೂ ಏನೋ ಒಂದು ಅಳತೆ ತಪ್ಪಿರುತ್ತಿತ್ತು. ಇಂಚು ಟೇಪಿನ ಜೊತೆ ಆರು ವರ್ಷ ಬಾಳಿದವಳು ಒಂದೇ ಬಾಗಿಲನ್ನು ಮೂರು ಸಲ ಅಳೆದಳು. ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಚೆಂದ. ಬಣ್ಣ ಹೊಡೆಯುವ ದಿನ ಬೆಳಗ್ಗೆ ಕೊಟ್ಟಿಗೆಯ ನೆಲಕ್ಕೆಲ್ಲ ನೀರು ಚಿಮುಕಿಸಿ ಧೂಳು ಕೂರಿಸಿದ. ಸೊಳ್ಳೆ ಪರದೆಗಳನ್ನು ಜೋಡಿಸಿ ಕಾರಿನ ಸುತ್ತ ಒಂದು ಕೋಣೆ ಮಾಡಿದ. ಬೆಣ್ಣೆಯ ಬಣ್ಣ ಮೊದಲ ಸಲ ಬಾನೆಟ್ಟಿನ ಮೇಲೆ ಇಳಿದಾಗ ಅವನು ಉಸಿರು ಬಿಗಿಹಿಡಿದಿದ್ದ. ಪರದೆಯಾಚೆ ನಿಂತಿದ್ದ ನಾಗಶ್ರೀಯೂ ಬಿಗಿಹಿಡಿದಿದ್ದಳು.

ಒಂದು ಭಾನುವಾರ ಅವಳು ಬಂದಾಗ ಮಾತ್ರ ಅವನು ಕಾರಿನೊಳಗೆ ತಲೆ ಹಿಡಿದು ಕೂತಿದ್ದ.

"ಏನಾಯ್ತು?"

"ವೈರು. ಮುಂದ್ಗಡೆಯಿಂದ ಹಿಂದಿನ ದೀಪದ ಗಂಟ ಬಾಡಿ ಒಳಗೇ ಓಗ್ಬೇಕು. ಹಳೇ ವೈರು ಎಳ್ದಾಕ್ದೆ. ಹೊಸದು ಒಳಗೆ ಓಯ್ತಾನೇ ಇರ್ನಿಲ್ಲ. ವಾರ ಪೂರ್ತಿ ರಾತ್ರಿ ಕೂತು ಇದೊಂದ್ನ ತೂರ್ಸಿದ್ದಾಯ್ತು. ಇನ್ನೂ ಹನ್ನೊಂದು ಎಳೀಬೇಕು."

ಅವನು ಎರಡನೆಯ ವೈರಿನ ತುದಿ ಹಿಡಿದು ಎಳೆಯಲು ಹೊರಟ.

"ನಿಲ್ಲಿ," ಎಂದಳು ನಾಗಶ್ರೀ. ಹೇಳುವುದೋ ಬೇಡವೋ ಎಂದು ಒಂದು ಕ್ಷಣ ನಾಚಿದಳು. "ಲಂಗಕ್ಕೆ ಹೊಸ ಲಾಡಿ ಹಾಕೋವಾಗ ನಾವೇನ್ ಮಾಡ್ತೀವಿ ಗೊತ್ತಾ?"

"ನಂಗೆಂಗೆ ಗೊತ್ತಿರ್ತದೆ ಮೇಡಂ?"

"ಹಳೇ ಲಾಡಿ ಸುಮ್ನೆ ಎಳೆಯಲ್ಲ. ಅದರ ತುದಿಗೆ ಹೊಸ ಲಾಡಿ ಕಟ್ತೀವಿ. ಆಮೇಲೆ ಆ ಕಡೆಯಿಂದ ಹಳೇದನ್ನ ಎಳೆದ್ರೆ ಹೊಸದು ತಾನೇ ಒಳಗೆ ಹೋಗ್ತದೆ."

ಶಾಂತಮೂರ್ತಿ ಅವಳನ್ನೇ ನೋಡಿದ. ಆಮೇಲೆ ಕೈಯಲ್ಲಿದ್ದ ವೈರನ್ನು ನೋಡಿದ. ಅದರ ತುದಿಗೆ ಹೊಸ ವೈರು ಹುರಿ ಮಾಡಿ, ಮೇಲೆ ಟೇಪು ಸುತ್ತಿ, ಡಿಕ್ಕಿಯ ಕಡೆ ಓಡಿ ನಿಧಾನವಾಗಿ ಎಳೆದ. ಹಳೆಯದು ಹೊರಬಂತು. ಅದರ ಬೆನ್ನಿಗೇ ಹೊಸ ಕೆಂಪು ವೈರು ತಲೆ ಹಾಕಿತು.

"ಹತ್ತು ವರ್ಷದಿಂದ ಫಿಟ್ಟರ್ ನಾನು," ಎಂದ ಅವನು ಡಿಕ್ಕಿಯ ಹಿಂದಿನಿಂದ. "ಇವತ್ತು ಬುದ್ಧಿ ಬಂತು."

ಸಂಜೆಯೊಳಗೆ ಹನ್ನೊಂದೂ ಮುಗಿದವು. ಹಿಂದಿನ ಎರಡು ಕೆಂಪು ದೀಪಗಳು ಹತ್ತಿಕೊಂಡಾಗ, ಆ ಬೆಳಕಿನಲ್ಲಿ ಅವನು ಅವಳ ಕಡೆ ತಿರುಗಿ ನಕ್ಕ. ಅಷ್ಟೇ. ನಾಗಶ್ರೀ ಅವತ್ತು ಕೊಳ್ಳೇಗಾಲದ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವುದನ್ನೂ ಮರೆತು ಕಂಡಕ್ಟರಿನಿಂದ ಬೈಸಿಕೊಂಡಳು. ಪ್ರೀತಿ ಎನ್ನುವುದು ಅವಳಿಗೆ ಹೀಗೆ ಬಂತು, ಹೇಳದೆ ಕೇಳದೆ.

*

ಮನೆಯಲ್ಲಿ ಅವಳ ತಾಯಿ ಯಶೋದ ಕಾಯುತ್ತಿದ್ದರು.

"ಗುಂಡ್ಲುಪೇಟೆ ಕಡೆಯೋರು ಫೋನ್ ಮಾಡಿದ್ರು ಕಣೇ. ಹುಡುಗನಿಗೆ ನೀನು ಒಪ್ಪಿಗೆಯಂತೆ. ಬರೋ ಸೋಮವಾರದೊಳಗೆ ಆಗ್ತದೆ, ಇಲ್ಲ ಎರಡರಲ್ಲಿ ಒಂದು ಹೇಳಿ ಅಂದವ್ರೆ."

"ಸೋಮವಾರ ಹೇಳ್ತೀನವ್ವ."

'ಅಷ್ಟರೊಳಗೆ ಅವನೇ ಏನಾದರೂ ಹೇಳಬಹುದು...' ಎಂಬ ಆಸೆ. ಹೇಳಲು ಅವನ ಬಳಿ ಎಷ್ಟೊಂದು 'ಆಮೇಲೆ' ಬಾಕಿ ಇತ್ತಲ್ಲ.

ಮಂಗಳವಾರ ಅವನು ಅಂಗಡಿಗೆ ಬಂದ. ರತ್ನ ಚಹಾ ತರಲು ಹೋಗಿದ್ದಳು. ಅವನು ಅದನ್ನೇ ಕಾದಿದ್ದವನಂತೆ ಬೇಗ ಬೇಗ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.

ಒಳಗೆ ನವಿಲು ಬಣ್ಣದ ಕೊಳ್ಳೇಗಾಲದ ರೇಷ್ಮೆ. ಅದರ ಜೊತೆ ಅಳತೆಗೆಂದು ಒಂದು ಹಳೆಯ ನೂಲಿನ ಬ್ಲೌಸು.

"ಈ ಅಳತೆಗೆ ಒಂದು ಬ್ಲೌಸ್ ಒಲ್ಕೊಡಿ ಮೇಡಂ. ಭಾನುವಾರ ಬೇಕು. ಬಟ್ಟೆ ಎರಡಕ್ಕಾಗೋಷ್ಟು ಅದೆ. ಮಿಕ್ಕಿದ್ದು ನಿಮ್ಮತ್ರಾನೇ ಇರ್ಲಿ, ಆಮೇಲೆ ಬೇಕಾಯ್ತದೆ."

"ಯಾರಿಗೆ?"

ಅವನ ಮುಖದಲ್ಲಿ ಹಿಂದೆಂದೂ ನೋಡದ ಒಂದು ಮೆದು ನಗು ಮೂಡಿತು.

"ಸೋಮವಾರ ಹೇಳ್ತೀನಿ. ರತ್ನಕ್ಕಂಗಂತೂ ಹೇಳ್ಲೇಬೇಡಿ."

ಅವನು ಹೋದ ಮೇಲೆ ನಾಗಶ್ರೀ ಆ ಬ್ಲೌಸನ್ನು ಮೇಜಿನ ಮೇಲೆ ಹರಡಿದಳು.

ಅಳತೆ ಬ್ಲೌಸು ನೋಡಿ ಆಳನ್ನು ಹೇಳುವುದರಲ್ಲಿ ನಾಗಶ್ರೀ ಎತ್ತಿದ ಕೈ. ಇವಳು ಮೊನ್ನೆ ಹೆತ್ತವಳು, ಇವಳ ಬಲಭುಜ ಕೊಡ ಹೊತ್ತು ಇಳಿದಿದೆ, ಇವಳಿಗೆ ಕೂತು ಮಾಡುವ ನೌಕರಿ... ರತ್ನ ಎಷ್ಟೋ ಸಲ ಪಂದ್ಯ ಕಟ್ಟಿ ಸೋತಿದ್ದಳು. ಇವತ್ತಿನ ತನಕ ಅವಳ ಅಂದಾಜು ತಪ್ಪಿರಲಿಲ್ಲ.

ಟೇಪು ಹಿಡಿದಳು. ಎದೆ ಇಪ್ಪತ್ತೊಂಬತ್ತು. ಭುಜ ಹದಿಮೂರು. ತೋಳಿನ ಸುತ್ತಳತೆ ಒಂಬತ್ತಕ್ಕೂ ಕಡಿಮೆ.

'ಇಪ್ಪತ್ತು ದಾಟಿಲ್ಲ,' ಎಂದಿತು ಮನಸ್ಸು. 'ಕಡ್ಡಿಯಂಥ ಹುಡುಗಿ.'

ಭುಜದ ಮೇಲೆ ಬಣ್ಣ ಬಿಸಿಲಿಗೆ ಮಾಸಿತ್ತು. ಹೊಲದಲ್ಲಿ ಮೈ ಬಗ್ಗಿಸಿ ದುಡಿಯುವವಳು. ಕಂಕುಳಲ್ಲಿ ಹರಿದದ್ದನ್ನು ಸಣ್ಣ ಸಣ್ಣ ಹೊಲಿಗೆಯಲ್ಲಿ ಸರಿ ಮಾಡಿಕೊಂಡಿದ್ದಳು. ಅಚ್ಚುಕಟ್ಟಾದವಳು, ಬಟ್ಟೆಯ ಬೆಲೆ ಬಲ್ಲವಳು. ಅವನಿಗೆ ಇಂಥವಳೇ ಸರಿ... ನಾಗಶ್ರೀಗೆ ಅವಳನ್ನು ದ್ವೇಷಿಸುವುದಕ್ಕೂ ಒಂದು ಕಾರಣ ಸಿಗಲಿಲ್ಲ.

ರತ್ನ ಚಹಾ ತರುವಷ್ಟರಲ್ಲಿ ಬ್ಲೌಸನ್ನು ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದಳು.

"ನಿಮ್ಮೂರ ಆ ಸೀಟಿನವನಿಗೆ ಹೆಣ್ಣು ಗೊತ್ತಾಗಿದ್ಯಾ ರತ್ನಕ್ಕ?" ಎಂದು ಕತ್ತರಿ ಹುಡುಕುವವಳಂತೆ ಕೇಳಿದಳು.

"ಏನೋಪ್ಪ. ನಮ್ಮ ಬೀದೀಲಿ ಸೌಮ್ಯ ಅಂತ ಒಂದು ಹುಡುಗಿ ಅವ್ಳೆ. ತೆಳ್ಳಗೆ ಬೆಳ್ಳಗೆ ಚೆನ್ನಾಗವ್ಳೆ. ದೊಡ್ಡಬಸಕ್ಕ ಅವ್ಳನ್ನೇ ತಂದ್ಕಬೇಕು ಅಂತ ಆಸೆ ಇಟ್ಕಂಡದಂತೆ."

ತೆಳ್ಳಗೆ. ಊರಿಗೆ ಗೊತ್ತಾಗಬಾರದು ಎಂದದ್ದು ಇದಕ್ಕೇ. ಕಾರನ್ನು ಚಿನ್ನದ ಹಾಗೆ ಮಾಡಿ, ರೇಷ್ಮೆ ಬ್ಲೌಸು ಹಿಡಿದುಕೊಂಡು ಹೋಗಿ ಅವಳೆದುರು ನಿಲ್ಲುತ್ತಾನೆ. ಸೀಟು ಹೊಲಿದವಳು ಯಾರೆಂದು ಅವಳು ಕೇಳಿದರೆ, ಕೊಳ್ಳೇಗಾಲದ ಒಬ್ಬ ಟೈಲರು ಎನ್ನುತ್ತಾನೆ. ಅಷ್ಟೇ ತಾನೇ ನಾನು?

ಅಳು ಬಂತು. ಆದರೂ ಕೆಲಸ ಕೆಡಿಸುವ ಜಾತಿಯವಳಲ್ಲ ನಾಗಶ್ರೀ. ಆ ನವಿಲು ರೇಷ್ಮೆಯ ಮೇಲೆ ಇದ್ದಬದ್ದ ಹೊಲಿಗೆ ವಿದ್ಯೆಯನ್ನೆಲ್ಲ ಸುರಿದಳು. ಕೊನೆಗೆ ಬದಿಯ ಹೊಲಿಗೆ ಹಾಕುವಾಗ ಕೈ ನಿಂತಿತು. ಮದುವೆಯಾದ ಹುಡುಗಿ ಮೈ ತುಂಬಿಕೊಳ್ಳುತ್ತಾಳೆ, ನಾಳೆ ಮಕ್ಕಳಾಗುತ್ತವೆ. ಇಷ್ಟು ಒಳ್ಳೆಯ ಬ್ಲೌಸು ಒಂದೇ ವರ್ಷಕ್ಕೆ ಬಿಗಿಯಾಗಬಾರದು. ಯಾರಿಗೂ ಬಿಡದಷ್ಟು ಬಟ್ಟೆಯನ್ನು ಒಳಗೆ ಮಡಚಿ ಬಿಟ್ಟಳು. ಬದಿಗೆ ಎರಡೆರಡು ಇಂಚು.

'ಚೆನ್ನಾಗಿರಲಿ,' ಎಂದುಕೊಂಡಳು. ಕಣ್ಣೀರು ರೇಷ್ಮೆಯ ಮೇಲೆ ಬೀಳದಂತೆ ಮುಖ ತಿರುಗಿಸಿ ಒರೆಸಿಕೊಂಡಳು.

*

ಭಾನುವಾರ ಅವಳು ಹೊನ್ನೂರಿಗೆ ಹೋಗಲಿಲ್ಲ. ಮದುವೆ ಕಾಲವಾದ್ದರಿಂದ ಅಂಗಡಿ ತೆರೆದಿತ್ತು. ಸೀಟು ಮತ್ತು ಬ್ಲೌಸು ಒಯ್ಯಲು ಅವನೇ ಆಟೋ ಮಾಡಿಕೊಂಡು ಬಂದ.

ಸೀಟನ್ನು ಕಂಡವನು ಅದರ ಮೇಲೆ ಅಂಗೈ ಆಡಿಸಿದ. ಚೂರುಗಳಲ್ಲಿ ಹೊಲಿದದ್ದೆಂದು ಯಾರೂ ಹೇಳುವಂತಿರಲಿಲ್ಲ. ಕಲೆಯಿದ್ದ ತುಂಡು ಒಳಗೇ ಇತ್ತು. ಅದು ಉಬ್ಬದಂತೆ ಸುತ್ತಲೂ ತೆಳುವಾಗಿ ಹತ್ತಿ ಹಾಸಿ ಮಟ್ಟ ಮಾಡಿದ್ದಳು.

"ಮೇಡಂ... ಇದು... ನಾನು ಏನಂತ ಹೇಳ್ಲಿ?"

"ಏನೂ ಹೇಳ್ಬೇಡಿ. ಬ್ಲೌಸ್ ಈ ಪೊಟ್ಟಣದಲ್ಲಿದೆ. ಹಾಕ್ಕೊಳೋರಿಗೆ ಒಪ್ಪಲಿ. ಕೆಲಸ ಮುಗೀತು, ಇನ್ಮೇಲೆ ನೀವು ಇಲ್ಲಿಗೆ ಬರೋದು ಬೇಡ."

ಅವನ ಮುಖದ ಬಣ್ಣ ಇಳಿಯಿತು. "ಯಾಕೆ? ನನ್ನಿಂದೇನಾರ ತಪ್ಪಾಯ್ತಾ?"

ರತ್ನ ಗುಂಡಿ ಹಾಕುವುದನ್ನು ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿದ್ದಳು. ಅವನು ಏನೋ ಹೇಳಲು ಬಾಯಿ ತೆರೆದ, ಅವಳನ್ನು ನೋಡಿ ಮುಚ್ಚಿದ.

"ನಾಳೆ ಒಂದಿನ ಕಾಯ್ತೀರಾ? ನಾಳೆ ಎಲ್ಲಾ ಹೇಳ್ತೀನಿ."

"ನಾಳೆ ನಾನೇ ಒಬ್ಬರಿಗೆ ಉತ್ತರ ಹೇಳ್ಬೇಕು. ಹೊರಡಿ."

ಅವನು ಸೀಟನ್ನು ಎತ್ತಿಕೊಂಡ. ಮೊದಲ ದಿನ ದೊಪ್ಪೆಂದು ಎಸೆದವನು ಇವತ್ತು ಮಗುವನ್ನು ಎತ್ತುವಷ್ಟು ಜೋಪಾನವಾಗಿ ಎತ್ತಿದ. ಅದು ಅವಳಿಗೆ ಇನ್ನಷ್ಟು ನೋವು ಕೊಟ್ಟಿತು.

*

ಸೋಮವಾರ ಮಧ್ಯಾಹ್ನದ ತನಕ ನಾಗಶ್ರೀ ಫೋನನ್ನು ಮಗುಚಿ ಇಟ್ಟಿದ್ದಳು. ತಾಯಿಗೆ 'ಆಗಲಿ' ಎಂದು ಹೇಳಬೇಕು. ಮೂರೇ ಅಕ್ಷರ, ಆದರೆ ನಾಲಿಗೆ ಏಳುತ್ತಿರಲಿಲ್ಲ.

ಹೊರಗೆ ಹಾರ್ನ್ ಕೇಳಿತು. ಈಗಿನ ಕಾರುಗಳದ್ದಲ್ಲ, ಹಳೆಯ ಕಾಲದ ದಪ್ಪ ದನಿ.

ಬೆಣ್ಣೆ ಬಣ್ಣದ ಅಂಬಾಸಿಡರ್ ಅಂಗಡಿಯ ಮುಂದೆ ನಿಂತಿತ್ತು. ಚಹಾ ಅಂಗಡಿಯವರು, ಆಟೋದವರು ಎಲ್ಲ ಎದ್ದು ಬಂದು ನೋಡುತ್ತಿದ್ದರು. ಡ್ರೈವರ್ ಬಾಗಿಲಿಂದ ಶಾಂತಮೂರ್ತಿ ಇಳಿದು ಹಿಂದಿನ ಬಾಗಿಲು ತೆರೆದ.

'ಕರೆದುಕೊಂಡು ಬಂದೇಬಿಟ್ಟ,' ಎಂದುಕೊಂಡಳು ನಾಗಶ್ರೀ. ಓಡಿಹೋಗಲು ಅಂಗಡಿಗೆ ಹಿಂದಿನ ಬಾಗಿಲು ಇರಲಿಲ್ಲ.

ಮೊದಲು ಒಂದು ಬರಿಗಾಲು ಕೆಳಗಿಳಿಯಿತು. ಹಿಮ್ಮಡಿ ಬಿರುಕು ಬಿಟ್ಟ ಕಾಲು. ಆಮೇಲೆ ಬಾಗಿಲನ್ನು ಹಿಡಿದುಕೊಂಡು ನಿಧಾನವಾಗಿ ಹೊರಬಂದರು ಒಬ್ಬ ಹೆಂಗಸು. ನರೆತ ತಲೆ, ಹಣೆಯ ಮೇಲೆ ವಿಭೂತಿ, ಬಿಸಿಲಿಗೆ ಕಪ್ಪಾದ ಮುಖ, ಕಡ್ಡಿಯಂಥ ಮೈ. ಆ ಮೈಯ ಮೇಲೆ ನವಿಲು ಬಣ್ಣದ ರೇಷ್ಮೆ ಬ್ಲೌಸು.

ನಾಗಶ್ರೀ ಹೊಲಿದ ಬ್ಲೌಸು. ಭುಜದಲ್ಲಿ ಒಂದು ಸುಕ್ಕಿಲ್ಲ, ತೋಳಿನಲ್ಲಿ ಒಂದು ನೂಲು ಸಡಿಲವಿಲ್ಲ. ಅಳತೆ ಅವರದ್ದೇ.

"ದೊಡ್ಡಬಸಕ್ಕ," ಎಂದು ಉದ್ಗರಿಸಿ ಎದ್ದು ನಿಂತಳು ರತ್ನ. "ನೀನಾ ಕಾರಲ್ಲಿ?"

ಇಪ್ಪತ್ತರ ಹುಡುಗಿಯ ಅಳತೆ... ಐವತ್ತು ದಾಟಿದ ಹೆಂಗಸಿನ ಮೈಯಲ್ಲಿ. ಗಂಡ ಸತ್ತ ಮೇಲೆ ಕಂಡವರ ಹೊಲದಲ್ಲಿ ಕಳೆ ಕಿತ್ತು, ಮಗನಿಗೆ ಬಡಿಸಿ ಮಿಕ್ಕದ್ದು ಉಂಡು, ಮೈ ತುಂಬಿಕೊಳ್ಳುವುದಕ್ಕೆ ಒಂದು ದಿನವೂ ಪುರುಸೊತ್ತು ಸಿಗದ ಹೆಂಗಸು. ಎಲ್ಲವೂ ಆ ಬ್ಲೌಸಿನಲ್ಲೇ ಬರೆದಿತ್ತು. ಮಾಸಿದ ಭುಜ, ತೇಪೆ ಹಾಕಿದ ಕಂಕುಳು. ನಾಗಶ್ರೀ ಎಲ್ಲವನ್ನೂ ಸರಿಯಾಗಿ ಓದಿ, ವಯಸ್ಸೊಂದನ್ನು ತಪ್ಪು ಓದಿದ್ದಳು.

"ನೀನೇನವ್ವ ಇದ ಒಲ್ದೋಳು?" ಶಾಂತಮೂರ್ತಿಯ ತಾಯಿ ದೊಡ್ಡಬಸಮ್ಮ ಹತ್ತಿರ ಬಂದು ನಾಗಶ್ರೀಯ ಗಲ್ಲ ಹಿಡಿದರು. "ಇಷ್ಟೊಂದು ಬಟ್ಟೆ ಯಾಕವ್ವ ಒಳಕ್ಕೆ ಮಡಚಿಟ್ಟಿದ್ದೀಯ? ಈ ವಯಸ್ಸಲ್ಲಿ ನಾನಿನ್ನ ದಪ್ಪಾಯ್ತೀನಾ?"

ನಾಗಶ್ರೀಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆಯಲಾಗದೆ ಅವರ ಕೈ ಹಿಡಿದುಕೊಂಡಳು.

"ನನ್ ಅಂದಾಜು ತಪ್ಪೋಯ್ತವ್ವ."

"ಅಳ್ಬ್ಯಾಡ ಕಣ್ ಮಗ. ಕೇಳು. ಮೂವತ್ತು ವರ್ಸದ ಹಿಂದೆ, ಇಂತದೇ ಒಂದು ಸೋಮವಾರ, ಅಜ್ಜೀಪುರದಲ್ಲಿ ಬಸ್ಸಿಲ್ದೆ ನೋವು ತಿಂತಾ ರಸ್ತೇಲಿ ಬಿದ್ದಿದ್ದೆ. ಬೆಟ್ಟದ ದೇವ್ರಿಗೆ ಓಗಿ ಬತ್ತಿದ್ದ ಪುಟ್ಟಬಸಪ್ಪೋರು ಕಾರ್ ನಿಲ್ಸಿ ಅತ್ತಿಸ್ಕಂಡ್ರು. ಆಸ್ಪತ್ರೆಗೆ ಇನ್ನೂ ಎರಡು ಮೈಲಿ ಅದೆ ಅನ್ನೋವಾಗ ಇವ್ನು ಆ ಸೀಟ್ ಮೇಲೇ ಉಟ್ಬುಟ್ಟ. ಸೀಟೆಲ್ಲಾ ಕೆಟ್ಟೋಯ್ತು ಬುದ್ದಿ ಅಂತ ನಾ ಅತ್ರೆ, ಸೀಟು ಓದ್ರೆ ಓಗ್ಲಿ, ಕೂಸು ನೆಟ್ಟಗದಲ್ಲ ಅಂದ್ರು ಪುಣ್ಯಾತ್ಮ."

ನಾಗಶ್ರೀ ಕಾರಿನ ಒಳಗೆ ನೋಡಿದಳು. ಕೆನೆಬಣ್ಣದ ಆ ನಡುಭಾಗದ ಕೆಳಗೆ ತಟ್ಟೆಯಗಲದ ಕಲೆ ಬೆಚ್ಚಗೆ ಮಲಗಿತ್ತು. ಅದಕ್ಕೆ ಅವಳೇ ಹತ್ತಿ ಹಾಸಿದ್ದಳು.

"ಅವತ್ತಿಂದ ಇವತ್ತಿನ ಗಂಟ ನಾ ಇನ್ನೊಂದು ಕಾರು ಅತ್ತಿಲ್ಲ," ಎಂದರು ದೊಡ್ಡಬಸಮ್ಮ. "ನಂಗೂ ಏಳ್ದೆ ಗುಟ್ಟಾಗಿ ಮಾಡಿ, ಇವತ್ತು ಬೆಳಗ್ಗೆ ಬಾಗ್ಲಿಗೆ ತಂದು ನಿಲ್ಲಿಸ್ದ. ಅವತ್ತು ಕಣ್ಮುಚ್ಕಂಡು ಬಂದ ದಾರೀಲಿ ಇವತ್ತು ಕಣ್ಬುಟ್ಕಂಡು ಬಂದೆ. ಎಷ್ಟು ಚೆಂದಾಗದೆ ಅಂತೀಯ ಆ ದಾರಿ."

ಅಷ್ಟು ಹೇಳಿ ಮಗನ ಕಡೆ ನೋಡಿದರು. ಆಮೇಲೆ, "ಬಾ ರತ್ನ, ನನ್ ಮಗ ಮಾಡಿರೋ ಕಾರು ತೋರಿಸ್ತೀನಿ," ಎಂದು ಅವಳನ್ನು ಎಳೆದುಕೊಂಡು ಹೋದರು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಸೌಮ್ಯ?" ಎಂದಳು ನಾಗಶ್ರೀ, ನೆಲ ನೋಡುತ್ತಾ.

"ಯಾವ ಸೌಮ್ಯ? ಓ... ಅವ್ವ ಒಂದಪ ಕೇಳ್ತು. ಬ್ಯಾಡ ಅಂದೆ, ನನ್ ಮನಸ್ಸು ಬ್ಯಾರೆ ಕಡೆ ಅದೆ ಅಂದೆ." ಅವನು ಧೈರ್ಯ ಕೂಡಿಸಿಕೊಂಡ. "ಆ ರೇಷ್ಮೆ ಎರಡು ಬ್ಲೌಸಿಗೆ ಆಗೋಷ್ಟು ತಂದಿದ್ದು ಸುಮ್ನಲ್ಲ. ಒಂದು ಅವ್ವಂಗೆ. ಇನ್ನೊಂದ್ರ ಅಳತೆ ಕೇಳೋ ಧೈರ್ಯ ನಂಗಿರ್ನಿಲ್ಲ. ಟೈಲರ್ ಅಳತೇನ ಯಾರು ಕೇಳಕಾಯ್ತದೆ ಏಳಿ."

ನಾಗಶ್ರೀ ಡ್ರಾಯರಿನಿಂದ ಉಳಿದ ರೇಷ್ಮೆ ತೆಗೆದು ಮೇಜಿನ ಮೇಲಿಟ್ಟಳು.

"ನನ್ನತ್ರ ಇರೋದು ಇಷ್ಟೇ. ಒಂದು ಕೆಲಸ, ಒಬ್ಳು ಅವ್ವ, ಒಂದು ಹಳೇ ಕಾರು. ಚೂರುಪಾರು ಬದುಕು ನಂದು. ಚೂರುಗಳನ್ನ ಜೋಡಿಸಿ ಚೆಂದ ಮಾಡೋರು ಒಬ್ರೇ ಗೊತ್ತು ನಂಗೆ... ನೀವು."

ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಯಶೋದ. ನಾಗಶ್ರೀ ಅವನನ್ನೇ ನೋಡುತ್ತಾ ಎತ್ತಿಕೊಂಡಳು.

"ಅವ್ವಾ... ಹೂಂ, ಯೋಚನೆ ಮಾಡ್ದೆ. ಬೇಡ ಅಂತ ಹೇಳ್ಬುಡು... ಯಾಕೆ ಅಂತ ಸಾಯಂಕಾಲ ಮನೆಗೆ ಬಂದು ಹೇಳ್ತೀನಿ. ಬಸ್ಸಲ್ಲಲ್ಲ, ಕಾರಲ್ಲಿ ಬತ್ತೀನಿ. ಇನ್ನಿಬ್ಬರಿಗೆ ಅಡುಗೆ ಜಾಸ್ತಿ ಇಡು."

ಶಾಂತಮೂರ್ತಿ ಕುರ್ಚಿಯ ಬೆನ್ನು ಹಿಡಿದುಕೊಂಡ.

ಸಂಜೆ ಅಂಗಡಿ ಮುಚ್ಚಿ ಅವಳು ಮುಂದಿನ ಸೀಟಿನಲ್ಲಿ ಕೂತಳು. ತಾನೇ ಹೊಲಿದ ಹಸಿರು ಪೈಪಿಂಗಿನ ಮೇಲೆ ಬೆರಳಾಡಿಸಿದಳು. ಹಿಂದೆ, ಮಗ ಹುಟ್ಟಿದ ಜಾಗದಲ್ಲಿ ದೊಡ್ಡಬಸಮ್ಮ ಕಿಟಕಿಗೆ ಮುಖವಿಟ್ಟು ಪೇಟೆ ನೋಡುತ್ತಿದ್ದರು.

"ಮಿಕ್ಕಿರೋ ರೇಷ್ಮೆ ಯಾವಾಗ ಒಲ್ಕತೀಯ ನಾಗು?" ಎಂದ ಅವನು ಮೆಲ್ಲಗೆ. ಮೇಡಂ ಎನ್ನುವುದು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು.

"ನಾಳೆನೇ."

"ಅದಕ್ಕೂ ಒಳಗೆ ಬಟ್ಟೆ ಬುಡ್ತೀಯಾ? ಎಷ್ಟಿಂಚು?"

ನಾಗಶ್ರೀಯ ಮುಖ ಕೆಂಪಾಯಿತು. ಕಿಟಕಿಯ ಕಡೆ ತಿರುಗಿ, ನಗು ಕಾಣದಂತೆ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ಹೇಳಿದಳು:

"ಆಮೇಲೆ ಹೇಳ್ತೀನಿ."